ಬದುವಿಗೆ ಕುಂತ ದಿನಗಳು

ನಮ್ಮಕ್ಕ ಸುರೇಖಾ ತಲೆನೋವಿನ ಡಾಕ್ಟರು. ಹಾಗೆಂದರೆ ಆಕೆಗೆ ಸಿಟ್ಟು, ನರರೋಗ ತಜ್ಞೆ ಅನ್ನಬೇಕಂತೆ. ಆದರೆ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ನರರೋಗ ತಜ್ಞೆ ಎಲ್ಲಿ ಅಂತ ಕೇಳಿದರೆ ಆಟೋದವರು ಮುಖ ಮುಖ ನೋಡಿಕೊಳ್ಳುತ್ತಾರೆ. ತಲಿನೋವಿನ ಡಾಕ್ಟರಮ್ಮ ಅಂದರೆ ಸೀದಾ ತಂದು ಬಾಗಿಲಿಗೆ ಇಳಿಸುತ್ತಾರೆ. ವಾರದಲ್ಲಿ ಒಂದು ದಿನ ಮಸ್ಕಿಗೆ, ಒಂದು ದಿನ ಲಿಂಗಸುಗೂರಿಗೆ ಹೋಗಿ ರೋಗಿಗಳನ್ನು ನೋಡುತ್ತಾಳೆ. ಭಾನುವಾರ ಆಕೆಯ ಸಂಶೋಧನೆಗೆ ಮೀಸಲು. ಅವತ್ತು ಆಕೆಯ ಕಾರಿಗೆ ತಮ್ಮನಾದ ನಾನೇ ಡ್ರೈವರು. ಉಳಿದ ದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಲ್ಲಿ ನನ್ನಿಂದ ಎಷ್ಟು ಮಕ್ಕಳಿಗೆ ತಲೆನೋವು ಬರುತ್ತದೆ ಅನ್ನುವುದನ್ನು ಅಕ್ಕ ಇನ್ನೂ ಸಂಶೋಧಿಸಿಲ್ಲ.

ಆಕೆಗೂ ಮೈಗ್ರೇನ್ ಇದೆ. ಮೊದಲು ಕಣ್ಣ ಮುಂದೆ ಬೆಳಕಿನ ಗೆರೆಗಳು ಅಂಕುಡೊಂಕಾಗಿ ಓಡುತ್ತವೆ, ಆಮೇಲೆ ಅರ್ಧ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಈ ಸುಡುಗಾಡು ನೋವು ಏನಂತ ತಿಳಿಯಲೇಬೇಕು ಅನ್ನುವ ಹಟದಲ್ಲೇ ಆಕೆ ಬಳ್ಳಾರಿಯಲ್ಲಿ ವೈದ್ಯಕೀಯ ಓದಿ, ಬೆಂಗಳೂರಿನಲ್ಲಿ ನರರೋಗ ಕಲಿತು ಬಂದವಳು. ಮೈಗ್ರೇನ್ ಬಹಳ ಸಲ ಮನೆತನದಲ್ಲೇ ಬರುತ್ತದಂತೆ. ಅವ್ವ ಅಮರಮ್ಮ "ನನಗ ಒಂದಿನಾನೂ ತಲಿನೋವು ಬಂದಿಲ್ಲ ನೋಡವಾ" ಅಂದುಬಿಟ್ಟಿದ್ದರಿಂದ ತಪ್ಪೆಲ್ಲ ಅಪ್ಪ ನರಸಣ್ಣನ ಪಾಲಿಗೆ ಬಂತು. ನೀರಾವರಿ ಆಫೀಸಿನ ಜವಾನನಾಗಿ ನಿವೃತ್ತನಾದ ಅಪ್ಪ ಎಷ್ಟೋ ವರ್ಷ ಈ ಆರೋಪ ಹೊತ್ತುಕೊಂಡು ತಿರುಗಿದ. "ನಮ್ಮ ಮನಿತನದಾಗ ಯಾರಿಗೂ ಇದ್ದಿಲ್ಲಲೇ" ಅಂತ ನನ್ನ ಹತ್ತಿರ ಗೊಣಗುತ್ತಿದ್ದ.

ಅಪ್ಪನಿಗೆ ಆ ನೌಕರಿ ಸಿಗುವ ಮೊದಲು ನಮ್ಮವರು ಜವಳಗೇರಾದಲ್ಲಿದ್ದರು. ಅವ್ವ ನೆಲ್ಲು ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪಿನಲ್ಲಿದ್ದಳು. ಹೊಲವನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದು, ಬಂದ ಕೂಲಿಯನ್ನು ಸಮಪಾಲು ಮಾಡಿಕೊಳ್ಳುವ ಗುಂಪು ಅದು. ಕೂಸುಗಳನ್ನೂ ಹೊಲಕ್ಕೆ ಒಯ್ಯುತ್ತಿದ್ದರು. ಅಕ್ಕನ ಎಳವೆಯ ಒಳ್ಳೆಯ ನೆನಪುಗಳೆಲ್ಲ ಆ ಹೊಲದ ಬದುವಿನವೇ. ಕೆಲವು ದಿನ ಅವ್ವ ಕೆಸರಿಗೆ ಇಳಿಯದೆ ಜಾಲಿ ಗಿಡದ ನೆರಳಲ್ಲಿ ಕೂತಿರುತ್ತಿದ್ದಳಂತೆ. ತಲೆಯ ಮೇಲೆ ಒದ್ದೆ ಸೆರಗು, ಮುಚ್ಚಿದ ಕಣ್ಣು, ಮಾತಿಲ್ಲ ಕಥೆಯಿಲ್ಲ, ತೊಡೆಯ ಮೇಲೆ ಅಕ್ಕ. ಯಾರಾದರೂ ಕೇಳಿದರೆ ಗುಂಪಿನವರು "ಅಮರವ್ವ ಕೂಸು ನೋಡ್ಕೊಳ್ಳಾಕತ್ತಾಳ" ಅನ್ನುತ್ತಿದ್ದರಂತೆ. ನಾನು ಹುಟ್ಟುವಷ್ಟರಲ್ಲಿ ಅವ್ವ ಹೊಲದ ಕೆಲಸ ಬಿಟ್ಟಿದ್ದಳು. ಅಕ್ಕ ಈ ಕಥೆ ಹೇಳಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು.

ಅಕ್ಕನ ಸಂಶೋಧನೆಯೂ ಇಂಥ ಹೆಣ್ಣುಮಕ್ಕಳ ಮೇಲೆಯೇ. ಕಾಲುವೆ ಕೆಳಗಿನ ಹಳ್ಳಿಗಳಲ್ಲಿ ನಾಟಿಗೆ ಹೋಗುವವರಿಗೆ ಮೈಗ್ರೇನ್ ಎಷ್ಟಿದೆ, ಅದು ಅವರ ದುಡಿಮೆಯನ್ನು ಎಷ್ಟು ಕೆಡಿಸುತ್ತದೆ ಅಂತ ತಿಳಿಯುವುದು. ಕೆಡಿಸುತ್ತದೆ ಅಂತ ತೋರಿಸಿಕೊಟ್ಟರೆ, ಖರ್ಚು ಕೊಡುತ್ತಿದ್ದ ಬೆಂಗಳೂರಿನ ಸಂಸ್ಥೆ ಈ ಊರುಗಳಲ್ಲಿ ಪುಕ್ಕಟೆ ತಲೆನೋವಿನ ಕ್ಲಿನಿಕ್ ನಡೆಸಲು ಒಪ್ಪಿತ್ತು. ತಲೆನೋವು ಬರುತ್ತದೆಯೇ ಅಂದರೆ ಹೆಣ್ಣುಮಕ್ಕಳು ಹೂಂ ಅನ್ನುತ್ತಿದ್ದರು. ಅದರಿಂದ ಎಷ್ಟು ದಿನ ಕೆಲಸ ತಪ್ಪಿತು ಅಂದರೆ ಮಾತ್ರ ಊರೂರಲ್ಲೂ ಒಂದೇ ಉತ್ತರ: "ಒಂದಿನಾನೂ ಇಲ್ಲರೀ."

ಬೆಂಗಳೂರಿನ ಹಿರಿಯ ಡಾಕ್ಟರು ಫೋನು ಮಾಡಿದರು. "ನಿಮ್ಮ ಕಡೆ ಹೆಂಗಸರು ಗಟ್ಟಿಗರು ಸುರೇಖಾ. ತೊಂದರೆಯೇ ಇಲ್ಲ ಅನ್ನೋ ಕಡೆ ಕ್ಲಿನಿಕ್ ಯಾಕೆ? ಈ ಹಂಗಾಮು ಮುಗಿದ ಮೇಲೆ ನಿಲ್ಲಿಸಿಬಿಡೋಣ." ನನ್ನ ಕೈಗೆ ಫೋನು ಸಿಕ್ಕಿದ್ದರೆ ಜಗಳವೇ ಆಗುತ್ತಿತ್ತು. ಅಕ್ಕ ಮಾತ್ರ ಫೋನು ಕೆಳಗಿಟ್ಟು, "ಅವರದೇನು ತಪ್ಪೈತಿ? ನಮ್ಮ ಹತ್ರ ಇರೋ ಉತ್ತರನ ಹಂಗ ಅದಾವ" ಅಂದಳು. ಇಷ್ಟು ವರ್ಷ ಓಡಾಡಿದ್ದು ನೀರಲ್ಲಿ ಹೋಮವಾಯಿತು ಅಂತ ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಆ ಹಂಗಾಮಿನ ಒಂದು ಭಾನುವಾರ ವಳಕಮದಿನ್ನಿಯಲ್ಲಿ ಜಂಬಣ್ಣನೆಂಬ ಗೌಡರ ಹೊಲಕ್ಕೆ ಹೋಗಿದ್ದೆವು. ನೀರು ನಿಲ್ಲಿಸಿದ ಮಡಿಗಳ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಕ್ಕ ಒಮ್ಮೆಲೆ ನನ್ನ ಭುಜ ಹಿಡಿದಳು. "ಲಕ್ಷ್ಮಣ, ಗೆರಿ ಕಾಣಾಕತ್ತಾವಲೇ. ಗುಳಿಗಿ ಕಾರಿನಾಗ ಉಳದಾವ." ಕಾರು ಕಾಲುವೆಯ ಆಚೆ ದಂಡೆಯಲ್ಲಿತ್ತು.

ನಾನು ಓಡುವ ಮೊದಲೇ ಗುಂಪಿನ ಹಿರಿಯಳು ಮೆಹಬೂಬ್‌ಬೀ ಕೆಸರಿನಿಂದ ಮೇಲೆ ಬಂದಳು. ಅಕ್ಕನ ಮುಖವನ್ನೊಮ್ಮೆ ನೋಡಿದಳು, ಏನೂ ಕೇಳಲಿಲ್ಲ. ಕೈ ಹಿಡಿದು ಕರೆದೊಯ್ದು ಗಿಡದ ನೆರಳಲ್ಲಿ ಕೂಡಿಸಿ, ತನ್ನ ಟವೆಲ್ಲನ್ನು ಕಾಲುವೆ ನೀರಲ್ಲಿ ಅದ್ದಿ ತಲೆಗೆ ಹಾಕಿ, ಅಲ್ಲೇ ಮಲಗಿದ್ದ ಯಾರದೋ ಕೂಸನ್ನು ಎತ್ತಿ ಅಕ್ಕನ ತೊಡೆಯ ಮೇಲಿಟ್ಟಳು. ಆಮೇಲೆ ತನ್ನ ಸಾಲಿಗೆ ವಾಪಸು ಹೋದಳು.

ನಾನು ಗುಳಿಗೆ ತಂದು ಕೊಡುವ ಹೊತ್ತಿಗೆ ಜಂಬಣ್ಣಗೌಡರು ಬೈಕಿನಲ್ಲಿ ಬಂದರು. "ಯಾಕ ಡಾಕ್ಟರಮ್ಮಾರು ಕುಂತುಬಿಟ್ರು?" ಅಂದರು. ಮೆಹಬೂಬ್‌ಬೀ ಬಗ್ಗಿಸಿದ ಸೊಂಟ ಎತ್ತದೆಯೇ ಹೇಳಿದಳು: "ಕೂಸು ನೋಡ್ಕೊಳ್ಳಾಕತ್ತಾರ್ರೀ ಗೌಡ್ರ."

ಗೌಡರು ತಲೆಯಾಡಿಸಿ ಹೊರಟುಹೋದರು. ನನಗೆ ನಗು ಬಂತು. ಅಕ್ಕನ ಕಡೆ ತಿರುಗಿದರೆ ಆಕೆಯ ಕಣ್ಣಲ್ಲಿ ನೀರು. ನೋವಿಗೆ ಅಂದುಕೊಂಡೆ. ಆಕೆ ಮೆಲ್ಲಗೆ "ಅವ್ವ ಹಿಂಗ ಕುಂತಿರ್ತಿದ್ಲು ಲಕ್ಷ್ಮಣ. ಖರೇ ಹಿಂಗ" ಅಂದಳು.

ನೋವು ಇಳಿದ ಮೇಲೆ, ಬುತ್ತಿ ಬಿಚ್ಚುವ ಹೊತ್ತಿಗೆ ಅಕ್ಕ ಅವರ ನಡುವೆ ಹೋಗಿ ಕೂತಳು. ಹಿಂಗ ಬದುವಿಗೆ ಯಾರ್‍ಯಾರು ಕುಂತೀರಿ ಅಂತ ಕೇಳಿದಳು. ಅವರೆಲ್ಲ ನನ್ನ ಕಡೆ ನೋಡಿದರು. ಗಂಡಸು ಅನ್ನುವ ತಪ್ಪಿಗೆ ನಾನು ಎದ್ದು ಕಾಲುವೆ ದಾಟಿ ಹೋಗಿ ಕಾರಿಗೆ ಕಾವಲು ನಿಂತೆ. ಅಲ್ಲಿ ಆದ ಮಾತು ಆಮೇಲೆ ಅಕ್ಕ ಹೇಳಿದ್ದು. ಯಾರಿಗೆ ತಲೆ ಹಿಡಿದರೂ ಅವಳನ್ನು ಬದುವಿಗೆ ಕೂಡಿಸುತ್ತಾರೆ. ಅವಳ ಸಾಲನ್ನು ಉಳಿದವರು ನೆಡುತ್ತಾರೆ, ಪಾಲು ಮಾತ್ರ ಸಮ. ಹೊಲದ ಯಜಮಾನನಿಗೆ ಇದು ಗೊತ್ತಾಗಬಾರದು. ಗೊತ್ತಾದರೆ ಮುಂದಿನ ಗುತ್ತಿಗೆಯಲ್ಲಿ ಒಂದಾಳಿನ ಕೂಲಿ ಮುರಿಯುತ್ತಾನೆ. ಕೆಲಸ ತಪ್ಪಿತೇ ಅಂದಾಗ ಇಲ್ಲ ಅಂದದ್ದು ಸುಳ್ಳೂ ಅಲ್ಲ. ಹೊಲಕ್ಕೆ ಬಂದಿದ್ದರು, ಪಾಲು ತೆಗೆದುಕೊಂಡಿದ್ದರು.

ಅಕ್ಕ ತನ್ನ ಪ್ರಶ್ನೆಯನ್ನು ಬದಲಿಸಿದಳು: ಎಷ್ಟು ದಿನ ಬದುವಿಗೆ ಕುಂತಿರಿ? ಊರಿನ ಹೆಸರಾಗಲಿ, ಗುಂಪಿನ ಹೆಸರಾಗಲಿ ಎಲ್ಲೂ ಬರೆಯುವುದಿಲ್ಲ ಅಂತ ಮಾತು ಕೊಟ್ಟಳು. ನಾನೂ ಇಲ್ಲಿ ಹೊಲದ ಊರನ್ನೂ ಅಲ್ಲಿಯವರ ಹೆಸರುಗಳನ್ನೂ ಆಕೆಯ ಅಪ್ಪಣೆಯಂತೆ ಬದಲಿಸಿದ್ದೇನೆ. ಮುಂದಿನ ಭಾನುವಾರಗಳಲ್ಲಿ ಉತ್ತರಗಳು ಕಾಲುವೆಗೆ ನೀರು ಬಿಟ್ಟ ಹಾಗೆ ಬಂದವು. ಬೆಂಗಳೂರಿನವರು ಎಲ್ಲ ಓದಿ, ನಾವೇ ಬಂದು ಕ್ಲಿನಿಕ್ ತೆರೆಯುತ್ತೇವೆ ಅಂದರು. ಈಗ ಅದು ನಡೆಯುತ್ತಿದೆ. ನಾಟಿಯವರಿಗೆ ಅನುಕೂಲವಾಗಲಿ ಅಂತ ಸಂಜೆ ಹೊತ್ತು ತೆರೆದಿರುತ್ತದೆ.

ಆದರೆ ನನಗೆ ಹೇಳಬೇಕಾದದ್ದು ಆ ಭಾನುವಾರದ ಸಂಜೆಯ ಮಾತು. ನಾವು ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು. ಅಪ್ಪ ಕುರ್ಚಿಯಲ್ಲಿ ಪೇಪರು ಹಿಡಿದಿದ್ದ.

"ಯವ್ವಾ, ಜವಳಗೇರಾದಾಗ ನೀ ಬದುವಿಗೆ ಯಾಕ ಕುಂದರ್ತಿದ್ದಿ?" ಅಂದಳು ಅಕ್ಕ.

"ಕೂಸು ನೋಡ್ಕೊಳ್ಳಾಕ."

"ನಾನೂ ಇವತ್ತು ಕುಂತು ಬಂದೀನಿ ಯವ್ವಾ. ಕೂಸು ನೋಡ್ಕೊಳ್ಳಾಕ."

ಅವ್ವನ ಕೈ ನಿಂತಿತು. "ಅದು ನನ್ನ ಬಿಟ್ಟು ಹೋಗಿ ಬಾಳ ವರ್ಷ ಆತು. ಈಗ್ಯಾಕ ಆ ಮಾತು?" ಅಂದಳು.

ಅಪ್ಪ ಪೇಪರು ಮಡಚಿದ. "ಹಂಗಾರ ನನ್ನ ಕಡೆದಲ್ಲ" ಅಂದ. ಇಷ್ಟು ವರ್ಷದ ಮೇಲೆ ಕೇಸು ಗೆದ್ದವನಂತೆ ನನ್ನ ಕಡೆ ನೋಡಿದ.

"ನಾ ಇದನ್ನ ಓದಾಕ ಹೋದೆ. ನನಗರ ಹೇಳಬಾರದಿತ್ತ?" ಅಂದಳು ಅಕ್ಕ.

"ಗುಂಪಿನ ಮಾತು ಹೊರಗ ಹೇಳಂಗಿಲ್ಲಂತ ಆಣಿ ಮಾಡಿದ್ವಿ" ಅಂದಳು ಅವ್ವ. ಆ ಗುಂಪು ಮುರಿದುಹೋಗಿ ಎಷ್ಟೋ ಕಾಲವಾಗಿತ್ತು. ಆಣೆ ಮಾತ್ರ ಉಳಿದಿತ್ತು.

ಅಕ್ಕ ಅವಳ ಪಕ್ಕ ಕೂತಳು. "ಆ ದಿನ ಯಾವಾಗ ಬರ್ತಾವಂತ ನಾ ಕಾಯ್ತಿದ್ದೆ ಯವ್ವಾ. ನೀ ನನ್ನ ಹತ್ರ ಕುಂತಿರ್ತಿ ಅಂತ. ನಿನಗ ಅಷ್ಟು ನೋವು ಇತ್ತು..."

"ತಲಿ ಒಡದು ಹೋಗ್ತಿತ್ತು, ಖರೇ" ಅಂದಳು ಅವ್ವ. "ಆದರ ಬ್ಯಾರೆ ದಿನ ನಿನ್ನ ಎತ್ಕೊಳ್ಳಾಕ ನನಗೆಲ್ಲಿ ಪುರಸೊತ್ತಿತ್ತು? ನಾನೂ ಕಾಯ್ತಿದ್ದೆ."

ಅಕ್ಕ ಪಲ್ಲೆಯ ಮೊರ ಸರಿಸಿ ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಅವ್ವ ತನ್ನ ಒದ್ದೆ ಕೈಯನ್ನು ಅವಳ ಹಣೆಯ ಮೇಲಿಟ್ಟಳು. ಅಷ್ಟರಲ್ಲಿ ಪಕ್ಕದ ಮನೆಯ ನಿಶಾತ್ ಬಾಗಿಲಿಗೆ ಬಂದು, ತಲೆ ಸಿಡಿಯುತ್ತಿದೆ, ಡಾಕ್ಟರಮ್ಮ ಇದ್ದಾರೇನು ಅಂತ ಕೇಳಿದಳು. ನಾನು ಏಳುವ ಮೊದಲೇ ಅಪ್ಪ ಎದ್ದು ಹೋದ.

"ಒಳಗ ಬಂದು ಕೂಡ್ರವಾ, ಸ್ವಲ್ಪ ತಡಿ" ಅಂದ. "ಅವರವ್ವ ಕೂಸು ನೋಡ್ಕೊಳ್ಳಾಕತ್ತಾಳ."