ಮೂಡಲ ಮೂಲೆಯ ಜಾಲಿ

ಅವ್ವನಿಗೆ ನಾನು ಮಾಡಿದ ಅನ್ಯಾಯಗಳಲ್ಲಿ ದೊಡ್ಡದು ಟ್ರ್ಯಾಕ್ಟರ್ ಮೇಲೆ ಕೂತು ಮಾಡಿದ್ದು. ಅದೂ ಅವಳ ಒಳ್ಳೆಯದಕ್ಕೇ ಎಂದುಕೊಂಡು.

ತೊಂಬತ್ತರ ದಶಕದ ಕೊನೆ. ಚಿಕ್ಕಯ್ಯನಛತ್ರದ ಆಚೆ ನಮ್ಮ ಹೊಲಕ್ಕೆ ಆಗಷ್ಟೇ ನಾಲೆ ನೀರು ಹತ್ತಿತ್ತು. ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲವನ್ನು ಗದ್ದೆ ಮಾಡಬೇಕು, ಬದುವಿನ ಗಿಡಗಂಟಿ ಕಿತ್ತು ಮಟ್ಟ ಹೊಡೆಯಬೇಕು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಯಜಮಾನಿಕೆ ನನ್ನದು. ಬನ್ನೂರಿನಿಂದ ಅಕ್ಕನ ಗಂಡ ಟ್ರ್ಯಾಕ್ಟರ್ ತಂದು ಕೈಗೆ ಕೊಟ್ಟಿದ್ದ. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಲಂಟಾನ, ಕಾರೆ, ಎಳೆ ಹೊಂಗೆ ಎಲ್ಲ ಕೀಳುತ್ತ ಬಂದೆವು. ಬುಡದ ಮಣ್ಣು ಬಿಡಿಸಿ, ಚೈನು ಬಿಗಿದು, ಹಿಂದಿನ ಕೊಕ್ಕೆಗೆ ಸಿಕ್ಕಿಸಿ, ಮೊದಲನೇ ಗೇರಿನಲ್ಲಿ ಮೆಲ್ಲಗೆ ಎಳೆಯಬೇಕು. ಆತುರ ಬಿದ್ದರೆ ಮುಂದಿನ ಚಕ್ರ ಮೇಲೇಳುತ್ತದೆ. ಬೇರುಗಳು ಒಂದೊಂದೇ ಹರಿಯುವುದು ಸೀಟಿನಲ್ಲಿ ಕೂತವನಿಗೆ ತಿಳಿಯುತ್ತದೆ. ಮೂರು ದಿನಕ್ಕೆ ಉಳಿದದ್ದು ಮೂಡಲ ಮೂಲೆಯ ಜಾಲಿ ಮೆಳೆ ಒಂದೇ. ಮೇಕೆ ಮೇದು ಮೇದು ಆಳೆತ್ತರವೂ ಬೆಳೆಯದ ಕುರುಚಲು.

"ಅದರ ತಂಟೆಗೆ ಓಗಬ್ಯಾಡ ಕಣ್ಮಗ. ಆವು ಅದೆ ಅಲ್ಲಿ," ಎಂದಿದ್ದಳು ಅವ್ವ.

ಚಿಕ್ಕಂದಿನಿಂದ ಇದೇ ಮಾತು. ಹೊಲಕ್ಕೆ ಬಂದಾಗಲೆಲ್ಲ ದೂರದಲ್ಲೇ ಮೆಟ್ಟು ಕಳಚಿ, ಮೆಳೆಯ ಬುಡಕ್ಕೆ ಒಂದು ಲೋಟ ಹಾಲು ಹುಯ್ದು ಬರುತ್ತಿದ್ದಳು. ಹಾವಿಗೆ ಎರೆಯುತ್ತಾಳೆ ಎಂದೇ ನಾನು ತಿಳಿದಿದ್ದೆ. ಕಣ್ಣು ಬೇರೆ ಮಂಜಾಗುತ್ತಿದೆ, ಬರಿಗಾಲಲ್ಲಿ ಹೋಗಿ ಯಾವತ್ತಾದರೂ ಕಚ್ಚಿಸಿಕೊಳ್ಳುತ್ತಾಳೆ ಎಂದು ನನಗೆ ದಿಗಿಲು.

"ಏನ್ಲಾ, ನಮ್ಮತ್ತೆ ಆ ಜಾಲಿಗೆ ಮದ್ವೆ ಗಿದ್ವೆ ಮಾಡ್ತಾರಾ, ಅಂಗೆ ಸಾಕವ್ರಲ್ಲ?" ಎಂದ ಭಾವ. ನಾನೂ ನಕ್ಕೆ. ಈಗ ನೆನೆದರೆ ಆ ನಗುವಿಗೇ ಬೆಂಕಿ ಹಾಕಬೇಕು ಅನ್ನಿಸುತ್ತದೆ.

ಸೋಮವಾರ ಅವ್ವ ಹಣ್ಣುಕಾಯಿ ಮಾಡಿಸಲು ನಂಜನಗೂಡಿನ ಬಸ್ಸು ಹತ್ತಿದಳು. ಅವಳು ಬರುವುದರೊಳಗೆ ಮುಗಿಸಿಬಿಡೋಣ ಎಂದು ಚೈನು ಹಾಕಿದೆ. ಜಾಲಿ ಎಂಥ ಗಟ್ಟಿ! ಮೂರು ಸಲ ಎಳೆದ ಮೇಲೆ ಬುಡಸಮೇತ ಬಂತು. ಹಾವಿರಲಿ, ಹಾವಿನ ಪೊರೆಯೂ ಸಿಗಲಿಲ್ಲ. ಮುಳ್ಳು ಸುಟ್ಟು, ಎರಡು ಸಾಲು ಉತ್ತು, ಮಟ್ಟ ಹೊಡೆದೆವು. ಮಧ್ಯಾಹ್ನಕ್ಕೆ ಹೊಲ ಅಂಗೈಯಂತಾಯಿತು.

ಅವ್ವ ಬಸ್ಸಿಳಿದವಳು ಪ್ರಸಾದ ಹಿಡಿದು ನೇರ ಅಲ್ಲಿಗೇ ಬಂದಳು.

"ಜಾಲಿ ಎಲ್ಲೋ?"

"ಕಿತ್ತಾಕ್ದೆ ಕಣವ್ವ. ಆವೂ ಇರ್ನಿಲ್ಲ, ಗೀವೂ ಇರ್ನಿಲ್ಲ."

ಉತ್ತ ಮಣ್ಣಿನ ಮೇಲೇ ಕುಸಿದು ಕೂತಳು. "ನನ್ನ ಮೊದಲ್ನೆ ಕೂಸು ಕಣೋ ಅಲ್ಲಿದ್ದುದು," ಎಂದಳು.

ಅಕ್ಕನಿಗಿಂತ ಮುಂಚೆ ಒಂದು ಹೆಣ್ಣು ಮಗು ಹುಟ್ಟಿತ್ತಂತೆ. ಹೆಸರಿಡುವ ಮೊದಲೇ ಹೋಯಿತಂತೆ. ನಮ್ಮಲ್ಲಿ ಸತ್ತವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ. ದೊಡ್ಡವರಿಗಾದರೆ ಕಲ್ಲು ನಿಲ್ಲಿಸುತ್ತೇವೆ; ಎಳೆ ಕೂಸಿಗೆ ಅದಿಲ್ಲ, ನರಿ ನಾಯಿ ಕೆದಕದಿರಲಿ ಎಂದು ಮುಳ್ಳು ಮುಚ್ಚುತ್ತೇವೆ. ಅಪ್ಪ ಮುಚ್ಚಿದ್ದು ಕಾಯಿ ಬಿಟ್ಟ ಜಾಲಿ ಕೊಂಬೆ. ಅವ್ವನ ತವರೂ ನಮ್ಮೂರೇ ಆದರೂ ಬಾಣಂತಿಯನ್ನು ಕೋಣೆಯಿಂದ ಆಚೆ ಬಿಡಲಿಲ್ಲ. ತಿಂಗಳುಗಳಾದ ಮೇಲೆ ಅವಳು ಹೊಲಕ್ಕೆ ಬಂದಾಗ ಮೊಳೆತಿದ್ದ ಸಸಿಗಳನ್ನು ತೋರಿಸಿ ಅಪ್ಪ, "ಇದರಡೀಲಿ ಅವಳೆ," ಎಂದನಂತೆ. ಬದುಕಿರುವ ಮಕ್ಕಳ ಮುಂದೆ ಹೋದ ಕೂಸಿನ ಮಾತೆತ್ತಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರು. ಅದಕ್ಕೇ ನಮಗೆಲ್ಲ ಹಾವಿನ ಕತೆ. ಅಯ್ಯೋ, ಒಂದು ಮಾತು ಹೇಳಬಾರದಿತ್ತೇ ಅವ್ವ!

"ನೀನೇ ಕಿತ್ತೋನಲ್ವಾ ಮಗ, ಬುಡ ಎಲ್ಲಿತ್ತು ತೋರ್ಸು," ಎಂದಳು.

ಎದ್ದು ನಡೆದೆ. ಬದುವಿನಿಂದ ಅಳೆಯೋಣವೆಂದರೆ ಬದುವೇ ಇರಲಿಲ್ಲ. ನಾನು ಒಂದು ಕಡೆ ನಿಂತೆ, ಭಾವ ಹತ್ತು ಹೆಜ್ಜೆ ಆಚೆ ನಿಂತು "ಇಲ್ಲಿರ್ಬೇಕು" ಎಂದ. ಅವ್ವ ಇಬ್ಬರನ್ನೂ ನೋಡಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ, ಎರಡೇಟು ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆ ವರ್ಷ ನಾಟಿಗೆ ನೀರು ಕಟ್ಟಿದ ದಿನ ಅವ್ವ ಲೋಟ ಹಿಡಿದು ಬಂದಳು. ಈ ಸಲ ಹೊಲದ ಅಂಚಿನಲ್ಲೇ ಮೆಟ್ಟು ಬಿಟ್ಟಳು. ಮೂಡಲ ಮೂಲೆಯ ಕಡೆ ತುಂಬ ಹೊತ್ತು ನೋಡಿದಳು. ಆಮೇಲೆ ತಿರುಗಿ, ನಾಲೆಯ ನೀರು ಗದ್ದೆಗೆ ಇಳಿಯುವ ಕಂಡಿಯ ಹತ್ತಿರ ಬಗ್ಗಿ, ಹಾಲನ್ನು ಆ ನೀರಿಗೆ ಹುಯ್ದಳು.

"ಗದ್ದೆ ತುಂಬ ಓಗ್ತದಲ್ಲ ಮಗ," ಎಂದಳು. "ಎಲ್ಲಿದ್ರೂ ಸಿಕ್ತದೆ."

ನಾನು ಗುದ್ದಲಿ ತೆಗೆದುಕೊಂಡು ಕಂಡಿಯನ್ನು ಇನ್ನಷ್ಟು ಅಗಲ ಮಾಡಿದೆ.