ದೊಡ್ಡವ್ವ ಹೇಳದೆ ಉಳಿಸಿದ ಕೊನೆ

ಮೊನ್ನೆ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಗೋಣಿಯೊಂದನ್ನು ನನ್ನ ಕಾಲ ಬಳಿ ಇಟ್ಟರು. ನಾನಾಗ ಫೋನಿನಲ್ಲಿ ನಮ್ಮ ಓದುಗರ ಗುಂಪಿಗೆ ಈಚೆಗೆ ಓದಿದ ಒಂದೆರಡು ಕಾದಂಬರಿಗಳ ಬಗ್ಗೆ ಬರೆಯುತ್ತಿದ್ದೆ. ಬಾಡತೊಡಗಿದ ಸೊಪ್ಪಿನ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ಬೆರಳು ನಿಂತುಹೋಯಿತು. ಓದಿದ್ದನ್ನು ಇನ್ನೊಬ್ಬರಿಗೆ ಓದಿಸುವ ಹುಚ್ಚು ನನಗೆ ಹತ್ತಿದ್ದೇ ಆ ವಾಸನೆಯ ನಡುವೆ, ಧನಗೆರೆಯ ನಮ್ಮ ಹುಳದ ಮನೆಯಲ್ಲಿ. ಈಗ ಆ ಮನೆಯೂ ಇಲ್ಲ, ಅಲ್ಲಿ ಕೂತು ಓದುತ್ತಿದ್ದವರೂ ಇಲ್ಲ.

ರೇಷ್ಮೆಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ನಮ್ಮ ಮನೆಯ ಹೆಂಗಸರಿಗೆ ಓದಲು ಬಿಡುವು ಸಿಗುತ್ತಿದ್ದದ್ದು ಒಂದು ಮೇವಿಗೂ ಇನ್ನೊಂದು ಮೇವಿಗೂ ನಡುವೆ ಮಾತ್ರ. ಗೂಡು ಮಾರಲು ಕೊಳ್ಳೇಗಾಲಕ್ಕೆ ಹೋದಾಗಲೆಲ್ಲ ದೊಡ್ಡಪ್ಪ ಲೈಬ್ರರಿಯಿಂದ ಒಂದು ಕಾದಂಬರಿ ತರುತ್ತಿದ್ದ. ಮೊದಲ ಓದು ಅವನ ಹೆಂಡತಿ, ನಮ್ಮ ದೊಡ್ಡವ್ವನದು. ಆಮೇಲೆ ಅವ್ವ, ಆಮೇಲೆ ಅಕ್ಕಪಕ್ಕದವರು. ದೊಡ್ಡವ್ವ ಸೊಪ್ಪು ಕತ್ತರಿಸುತ್ತಾ ಉಪ್ಪುಖಾರ ಹಚ್ಚಿ ಕಥೆ ಹೇಳಿದಳೆಂದರೆ ಕೇಳಿದವರು ಪುಸ್ತಕಕ್ಕೆ ಕೈಚಾಚದೆ ಇರುತ್ತಿರಲಿಲ್ಲ. ಆದರೆ ಒಂದು ಕಟ್ಟಳೆಯಿತ್ತು, ಕೊನೆಯನ್ನು ಮಾತ್ರ ಹೇಳಬಾರದು. ಬಾಯಿ ತಪ್ಪಿ ಹೇಳಿದವರು ಆ ಬೆಳೆ ಮುಗಿಯುವವರೆಗೂ ಹುಳದ ಕಸ ತೆಗೆಯಬೇಕು. ಅವ್ವ ಒಮ್ಮೆ ಹಾಗೆ ಸಿಕ್ಕಿಬಿದ್ದು, ಮೂಗಿಗೆ ಸೆರಗು ಸುತ್ತಿಕೊಂಡು ಗೊಣಗುತ್ತಲೇ ಕಸ ಬಳಿದಿದ್ದಳು.

ಅಪ್ಪನ ತಂಗಿ ರತ್ನತ್ತೆಯನ್ನು ಹನೂರಿಗೆ ಕೊಟ್ಟಿತ್ತು. ಎದೆಯ ಕಾಯಿಲೆ ಹಿಡಿದು ಅವಳು ಕಡ್ಡಿಯಾದ ಮೇಲೆ ಗಂಡನ ಮನೆಯವರು ತಂದು ನಮ್ಮಲ್ಲಿ ಬಿಟ್ಟುಹೋದರು. ಮಗುವಿಗೆ ಅಂಟುತ್ತದೆಂದು ಪುಟ್ಟ ಮಗಳು ಭಾಗ್ಯಳನ್ನು ಅಲ್ಲೇ ಇಟ್ಟುಕೊಂಡರು. ದೂರದಿಂದಲಾದರೂ ತೋರಿಸಿ ಎಂದು ಅಪ್ಪ ಹೋಗಿ ಬೇಡಿದರೂ ಕಳಿಸಲಿಲ್ಲ. ಆ ಸಲ ಬಂದ ಕಾದಂಬರಿಯಲ್ಲೂ ಒಬ್ಬ ತಾಯಿ ಕಳೆದುಹೋದ ಮಗುವನ್ನು ಹುಡುಕಿ ಊರೂರು ಅಲೆಯುತ್ತಿದ್ದಳು. ರತ್ನತ್ತೆಗೆ ಪುಸ್ತಕ ಹಿಡಿಯುವ ಶಕ್ತಿಯಿರಲಿಲ್ಲ. ದೊಡ್ಡವ್ವ ಮಧ್ಯಾಹ್ನದ ಮೇವು ಹಾಕಿ ಬಂದು ಪಕ್ಕದಲ್ಲಿ ಕೂತು ಅಷ್ಟಷ್ಟೇ ಓದಿ ಹೇಳುತ್ತಿದ್ದಳು. ಇನ್ನೇನು ಕೆಲವೇ ಪುಟ ಉಳಿದಿವೆ ಎನ್ನುವಾಗ ರತ್ನತ್ತೆಗೆ ಗಂಜಿಯೂ ಇಳಿಯದಾಯಿತು.

“ಅತ್ಗೆ, ಆ ಮಗ ಸಿಕ್ತದಾ ಇಲ್ವಾ, ಅಷ್ಟ್ ಏಳ್ಬುಡಿ,” ಎಂದಳು ರತ್ನತ್ತೆ.

“ನಾಳಿಕ್ ಓದ್ತೀನಿ, ನೀನೇ ಕೇಳೀಯಂತೆ ಕಣವ್ವ. ಈಗ್ಲೇ ಏಳ್ಬುಟ್ರೆ ಏನ್ ಚೆಂದ?”

“ಏಳಿ ಅತ್ಗೆ. ನಿಮ್ ಬದ್ಲು ಕಸಾನ ನಾನೇ ತೆಗ್ದೇನು.”

ದೊಡ್ಡವ್ವ ನಕ್ಕು ಪುಸ್ತಕ ಮುಚ್ಚಿದಳು. ಹೊರಗೆ ಬಂದು ಅವ್ವನ ಹತ್ತಿರ, “ಕೊನೆ ಗೊತ್ತಾಗ್ಬುಟ್ರೆ ಇನ್ಯಾತಕ್ ಉಸ್ರು ಇಡ್ಕಂಡಾಳು? ನಾಳಿಕ್ ಅಂತ ಒಂದು ಇರ್ಲಿ,” ಎಂದಳು. ಕಥೆ ಬಾಕಿಯಿದ್ದರೆ ಜೀವವೂ ಕಾಯುತ್ತದೆ ಎಂದು ಅವಳು ನಿಜಕ್ಕೂ ನಂಬಿದ್ದಳು. ಬೆಳಗಿನ ಮೇವಿಗೆ ಸೊಪ್ಪು ತರುವಷ್ಟರಲ್ಲಿ ರತ್ನತ್ತೆ ಹೋಗಿಬಿಟ್ಟಿದ್ದಳು.

ಕಾದಂಬರಿ ಓದಿ ಎಂದು ಹೇಳುವಾಗ ನಾನು ಕೊನೆಯನ್ನೂ ಹೇಳಿ ರುಚಿ ಕೆಡಿಸುತ್ತೇನೆಂದು ಗುಂಪಿನಲ್ಲಿ ನೀವೆಲ್ಲ ಬೈಯುತ್ತೀರಿ. ಬೈಯಿರಿ, ನಾನು ಬಿಡುವವನಲ್ಲ. ದೊಡ್ಡವ್ವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸಿಟ್ಟಿಗಿಂತ ಹೆಚ್ಚಾಗಿ ಮರುಕವಿದೆ. ಯಾಕೆಂದರೆ ಆ ಕಾದಂಬರಿಯ ಕೊನೆ ಒಳ್ಳೆಯದಿತ್ತು.

ಮಣ್ಣು ಮಾಡುವಾಗ ಭಾಗ್ಯಳನ್ನು ಕರೆತಂದರು, ಹಾಲುತುಪ್ಪದ ಶಾಸ್ತ್ರದವರೆಗೆ ನಮ್ಮಲ್ಲೇ ಬಿಟ್ಟರು. ಆ ಶಾಸ್ತ್ರದ ದಿನ ಸಮಾಧಿಗೆ ಹಾಲು ಬಿಟ್ಟು ಉಳಿದವರೆಲ್ಲ ಹೊರಟರೂ ದೊಡ್ಡವ್ವ ಮೇಲೇಳಲಿಲ್ಲ. ಹಸಿ ಮಣ್ಣಿನ ಮೇಲೆ ಅಂಗೈಯಿಟ್ಟು, ನಿಲ್ಲಿಸಿದ್ದ ಪುಟದಿಂದಲೇ ಶುರು ಮಾಡಿ ಹೇಳತೊಡಗಿದಳು. ಆ ತಾಯಿ ಯಾವುದೋ ಛತ್ರದ ಬಾಗಿಲಿಗೆ ಬಂದದ್ದು, ಒಳಗೆ ಮಕ್ಕಳು ಊಟಕ್ಕೆ ಕೂತದ್ದು, ಅವಳು ಒಬ್ಬೊಬ್ಬರ ಮುಖ ನೋಡುತ್ತಾ ಬಂದದ್ದು. “ಸಿಕ್ತು ಕಣ್ ರತ್ನ, ಮಗ ಸಿಕ್ತು. ಅವ್ವಾ ಅಂತ ಎಲೆ ಬುಟ್ಟು ಓಡ್ ಬಂತು. ಎತ್ಕಂಡ್ಳು ಕಣವ್ವ.” ನನ್ನ ಕೈ ಹಿಡಿದು ನಿಂತಿದ್ದ ಭಾಗ್ಯ ಕಥೆಯನ್ನು ಕಣ್ಣರಳಿಸಿ ಕೇಳುತ್ತಿದ್ದಳು.

“ಆಮೇಕೆ?” ಎಂದಳು.

ಪುಸ್ತಕ ಅಲ್ಲಿಗೇ ಮುಗಿದಿತ್ತು.