ಹತ್ತಿರದ ಗಾಡಿ ಮೊದಲು

ಊರಿಗೆಲ್ಲ ಹಲ್ಲು ಕಟ್ಟಿಕೊಡುವವರ ಬಾಯಲ್ಲೇ ಎರಡು ಹಲ್ಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹಲ್ಲು ಮಾಸ್ತರು ಒಮ್ಮೆ ನಕ್ಕರೆ ಸಾಕು, ಸಾಕ್ಷಿ ಸಿಗುತ್ತದೆ. ಡಾಕ್ಟರುಗಳು ಕಳಿಸಿದ ಅಚ್ಚುಗಳನ್ನು ಕಿಟಕಿ ಪಕ್ಕದ ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡು, ಮೇಣ ಕೆತ್ತಿ, ಹಲ್ಲಿನ ಸೆಟ್ ಮಾಡುವುದು ಅವರ ಕಸುಬು. ಮೂವತ್ತೊಂದು ವರ್ಷದಿಂದ ಕಂಡವರ ನಗುವನ್ನೆಲ್ಲ ರಿಪೇರಿ ಮಾಡಿದ್ದಾರೆ. ತಮ್ಮದಕ್ಕೆ ಮಾತ್ರ "ಮುಂದಿನ ಭಾನುವಾರ ನೋಡೋಣ" ಎನ್ನುತ್ತಾರೆ. ಭಾನುವಾರವಾದರೋ ಅವರು ಯಾರ ಕೈಗೂ ಸಿಗುವ ಆಸಾಮಿಯಲ್ಲ.

ಭಾನುವಾರ ಅವರು ರಿಮೋಟ್ ಕಾರಿನ ರೇಸಿಗೆ ಹೋಗುತ್ತಾರೆ. ಹಳೆಯ ಗೋದಾಮಿನ ನೆಲಕ್ಕೆ ಕಾರ್ಪೆಟ್ ಹಾಸಿ ಮಾಡಿದ ಟ್ರ್ಯಾಕು, ಮೊಳದುದ್ದದ ಕಾರುಗಳು. ಓಡಿಸುವವರು ಒಂದು ಬದಿಯ ಎತ್ತರದ ಕಟ್ಟೆಯ ಮೇಲೆ ರಿಮೋಟ್ ಹಿಡಿದು ನಿಲ್ಲುತ್ತಾರೆ. ಇದನ್ನು ಮಕ್ಕಳಾಟ ಎಂದವರ ಜೊತೆ ಮಾಸ್ತರು ಒಂದು ವಾರ ಮಾತು ಬಿಡುತ್ತಾರೆ.

ಅಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿದೆ. ತನ್ನ ರೇಸ್ ಮುಗಿಸಿದವನು ಬೆವರೊರೆಸಿಕೊಂಡು ಕೂರುವಂತಿಲ್ಲ. ಮುಂದಿನ ರೇಸಿಗೆ ಒಂದು ತಿರುವಿನಲ್ಲಿ ಮಾರ್ಷಲ್ ಆಗಿ ನಿಂತು, ಮಗುಚಿದ ಗಾಡಿಗಳನ್ನು ಎತ್ತಿ ನೆಟ್ಟಗಿಡಬೇಕು. ಹತ್ತಿರದ ಗಾಡಿ ಮೊದಲು, ಅದು ಯಾರದೇ ಆಗಿರಲಿ. ಕಟ್ಟೆಯ ಮೇಲಿನವರು ಮಾರ್ಷಲ್ ಮೇಲೆ ಕೂಗಾಡಬಾರದು, ಅವನೇನೂ ಸಂಬಳದ ಆಳಲ್ಲ. ಮಾಸ್ತರಂಥ ಮಾರ್ಷಲ್ ಇನ್ನೊಬ್ಬರಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಗೆದ್ದದ್ದು ಮಾತ್ರ ಒಂದು ಸಲವೂ ಇಲ್ಲ. ಹದಿನಾಲ್ಕು ವರ್ಷದಿಂದ ಮನೆಯ ಶೋಕೇಸಿನ ಒಂದು ಖಾನೆ ಖಾಲಿಯಿತ್ತು. "ನಿಮ್ಮ ಕಪ್ ಬರೋಷ್ಟರಲ್ಲಿ ಇದಕ್ಕೆ ಗೆದ್ದಲು ಹಿಡಿದಿರತ್ತೆ" ಎಂದು ಹೆಂಡತಿ ಛೇಡಿಸುತ್ತಿದ್ದರು. ಆದರೂ ಪ್ರತಿ ಶನಿವಾರ ಅದರ ಧೂಳು ಒರೆಸುತ್ತಿದ್ದರು, ಅಲ್ಲಿ ಬೇರೆ ಒಂದು ಗೊಂಬೆಯನ್ನೂ ಇಡುತ್ತಿರಲಿಲ್ಲ.

ಈ ವರ್ಷ ಮಾಸ್ತರ, ರಿಮೋಟ್ ಒತ್ತುವ ತೋರುಬೆರಳಿನ ನರ ಸೋತಿತು. "ಕಸುಬು ಬೇಕೋ ಆಟ ಬೇಕೋ, ಒಂದನ್ನ ಇಟ್ಕೊಳ್ಳಿ" ಎಂದರು ಡಾಕ್ಟರು. ಅನ್ನ ಕೊಡುವ ಕಸುಬನ್ನು ಬಿಡುವುದುಂಟೇ? ಸೀಸನ್ನಿನ ಕೊನೆಯ ಭಾನುವಾರವೇ ತಮಗೂ ಕೊನೆಯದೆಂದು ಮಾಸ್ತರು ತೀರ್ಮಾನಿಸಿದರು. ಎಂಥ ವಿಚಿತ್ರ ನೋಡಿ, ಆ ಭಾನುವಾರವೇ ಅವರು ದೊಡ್ಡ ಫೈನಲ್ಲಿಗೆ ಎರಡನೆಯವರಾಗಿ ಆಯ್ಕೆಯಾದರು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಈ ಗಾದೆ ಹಲ್ಲಿನವನಿಗೇ ಬಂದು ಬಡೀಬೇಕಾ?" ಎಂದು ಬೆರಳು ನೀವಿಕೊಂಡರು.

ಆ ದಿನ ಮೂರನೇ ತಿರುವಿನಲ್ಲಿ ಮಾರ್ಷಲ್ ಆಗಿ ನಿಂತಿದ್ದವನು ಅವರ ಮಗಳ ಗಂಡ. ಅಳಿಯ ಎಂದು ನಾನು ಹೇಳಬಹುದು, ಮಾಸ್ತರು ಹೇಳುತ್ತಿರಲಿಲ್ಲ. ಮದುವೆಯಾಗಿ ಎಂಟು ತಿಂಗಳಾದರೂ "ಇವರು ನಮ್ಮ ಹುಡುಗಿಯ ಯಜಮಾನರು" ಎಂದು, ಬಾಡಿಗೆಗೆ ಬಂದವರನ್ನು ತೋರಿಸಿದ ಹಾಗೆ ಪರಿಚಯಿಸುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನು. ಮಗಳು ತಾನೇ ಮೆಚ್ಚಿಕೊಂಡಳು. ಮಾಸ್ತರು ಬೇಡ ಎನ್ನಲಿಲ್ಲ, ಬಾಯ್ತುಂಬ ಹೂಂ ಎನ್ನಲೂ ಇಲ್ಲ. ಮಾವನ ಮನಸ್ಸಿಗೆ ಹತ್ತಿರವಾಗಲೆಂದೇ ಅವನು ಒಂದು ಹಳೇ ಕಾರು ಕೊಂಡು ರೇಸಿಗೆ ಇಳಿದಿದ್ದ. ಈಗಷ್ಟೇ ಹಿಂದುಳಿದವರ ಸಣ್ಣ ಫೈನಲ್ಲಿನಲ್ಲಿ ಕಟ್ಟಕಡೆಯವನಾಗಿ ಬಂದು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ನಿಂತಿದ್ದ.

ದೊಡ್ಡ ಫೈನಲ್ ಶುರುವಾಯಿತು. ಮುಂದೆ ಕಂಡಕ್ಟರಮ್ಮನ ಹಳದಿ ಗಾಡಿ, ಅದರ ಬೆನ್ನಿಗೆ ಮಾಸ್ತರ ನೀಲಿ ಗಾಡಿ. ಉಳಿದವರು ಅರ್ಧ ಸುತ್ತು ಹಿಂದೆ. ಕಂಡಕ್ಟರಮ್ಮ ಆರು ದಿನ ಬಸ್ಸಿನಲ್ಲಿ "ಒಳಗೆ ನಡೀರಿ, ಒಳಗೆ ನಡೀರಿ" ಎಂದು ಕೂಗುವವಳು. ಆಕೆಯ ದನಿಗೆ ಸತ್ತವನೂ ಎದ್ದು ಎರಡು ಹೆಜ್ಜೆ ಒಳಗೆ ಸರಿಯಬೇಕು. ಎರಡು ಸುತ್ತು ಉಳಿದಿದ್ದಾಗ, ಮೂರನೇ ತಿರುವಿನ ಉಬ್ಬಿನಲ್ಲಿ ಎರಡೂ ಗಾಡಿಗಳು ಒಟ್ಟಿಗೇ ಹಾರಿ, ಗಾಳಿಯಲ್ಲೇ ತಾಗಿ, ಮಗುಚಿಬಿದ್ದವು. ತಪ್ಪು ಯಾರದೂ ಅಲ್ಲ. ಹಳದಿ ಗಾಡಿ ಮಾರ್ಷಲ್ಲಿನ ಕಾಲಬುಡದಲ್ಲೇ ಬಿತ್ತು, ನೀಲಿ ಗಾಡಿ ನಾಲ್ಕು ಹೆಜ್ಜೆ ಆಚೆ.

ಅವನು ಹಳದಿ ಗಾಡಿಯನ್ನು ದಾಟಿ ಓಡಿದ, ನೀಲಿಯನ್ನು ಎತ್ತಿ ನಿಲ್ಲಿಸಿದ.

ಮಾಸ್ತರ ಬೆರಳು ತಾನಾಗಿಯೇ ಒತ್ತಿತು, ಗಾಡಿ ಚಿಮ್ಮಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಮುಂದೆ ಯಾರೂ ಇಲ್ಲ. ರೇಸ್ ನಡೆಸುವವರು ಗಡಿಯಾರದ ಕಡೆ ನೋಡುತ್ತಿದ್ದರು, ತಿರುವಿನಲ್ಲಿ ಆದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮಾಸ್ತರು ಪಕ್ಕದಲ್ಲಿದ್ದ ಕಂಡಕ್ಟರಮ್ಮನ ಕೂಗಿಗೆ ಕಾದರು. ಆಕೆ ಕೂಗಿದ್ದರೆ "ನೋಡು, ಇವಳೂ ರೂಢಿ ಮುರೀತಾಳೆ" ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆಕೆ ತುಟಿ ಬಿಗಿದು, ಮಗುಚಿದ ತನ್ನ ಗಾಡಿಯನ್ನೇ ನೋಡುತ್ತ, ತುಟಿಪಿಟಕ್ಕೆನ್ನದೆ ನಿಂತಿದ್ದಳು.

ಆ ಮೌನವನ್ನು ಮಾಸ್ತರಿಗೆ ತಡೆಯಲಾಗಲಿಲ್ಲ. ಬೆರಳು ಸಡಿಲಿಸಿ ಗಾಡಿಯನ್ನು ಟ್ರ್ಯಾಕಿನ ಅಂಚಿಗೆ ತಂದು ನಿಲ್ಲಿಸಿದರು. ಮಾರ್ಷಲ್ ಎತ್ತಿಟ್ಟ ಹಳದಿ ಗಾಡಿ ಅವರನ್ನು ದಾಟಿ ಹೋಗುವವರೆಗೂ ಕಾದರು. ಆಮೇಲೆ ಬೆನ್ನು ಹತ್ತಿದರು, ಅದೂ ಹಲ್ಲು ಕಚ್ಚಿಕೊಂಡು, ಇರುವಷ್ಟು ಹಲ್ಲನ್ನು. ವಾಪಸ್ಸು ಕೊಟ್ಟದ್ದು ಜಾಗವನ್ನು ಮಾತ್ರ, ರೇಸನ್ನಲ್ಲ. ಕೊನೆಯ ತಿರುವಿನಲ್ಲಿ ಹಳದಿಯ ಪಕ್ಕಕ್ಕೇ ಬಂದರು. ಗೇಣಿನಷ್ಟರಲ್ಲಿ ಸೋತರು.

ಹೊಟ್ಟೆ ಉರಿಯಲಿಲ್ಲವೇ? ಉರಿಯಿತು, ಯಾಕೆ ಸುಳ್ಳು ಹೇಳಲಿ. ಕಣ್ಣಿನಲ್ಲಿ ನೀರೂ ಬಂತು.

"ಯಾಕ್ರೀ ಮಾಸ್ತರೇ, ನಡುವೆ ನಿಲ್ಲಿಸಿಬಿಟ್ರಿ?" ಎಂದು ಎಲ್ಲರೂ ಸುತ್ತುವರಿದರು. ಜನರ ಹಿಂದೆ ಕಿತ್ತಳೆ ಜಾಕೆಟ್ ಕಾಣಿಸಿತು, ಮುಖ ಬಿಳಿಚಿಕೊಂಡಿತ್ತು. ಮಾಸ್ತರು ಅದನ್ನು ಒಂದು ಕ್ಷಣ ನೋಡಿದರು.

"ಬೆರಳು ಹಿಡ್ಕೊಂಡ್ಬಿಡ್ತು" ಎಂದರು.

"ಪಾಪ, ವಯಸ್ಸಾಯ್ತಲ್ಲ" ಎಂದು ಯಾರೋ ಗೊಣಗಿದರು. ಸೋಲಿಗಿಂತ ಆ ಮಾತು ಹೆಚ್ಚು ನೋಯಿಸಿತು. ಅದನ್ನೂ ನುಂಗಿಕೊಂಡರು.

ಕಪ್ ಕೊಡುವ ಹೊತ್ತಿಗೆ ಮೈಕಿನ ಹತ್ತಿರ ಹೋದವನು ಕೇಳದೆ ಮಾತಾಡದ ಆ ಮನುಷ್ಯ.

"ಮಾವನ ಬೆರಳಿಗೆ ಏನೂ ಆಗಿರ್ಲಿಲ್ಲ. ಮೇಡಂ ಗಾಡಿ ನನ್ನ ಕಾಲಹತ್ರಾನೇ ಬಿದ್ದಿತ್ತು. ನಾನು ಅದನ್ನ ದಾಟ್ಕೊಂಡು ಹೋಗಿ ಮಾವನ ಗಾಡಿ ಎತ್ತಿದೆ, ಅವರು ಗೆಲ್ಲಲಿ ಅಂತ. ಅದಕ್ಕೇ ಅವರು ನಿಂತಿದ್ದು. ತಪ್ಪು ನಂದು."

ಕಂಡಕ್ಟರಮ್ಮ ಕಪ್ಪನ್ನು ಕಂಕುಳಿಗೆ ಸೇರಿಸಿಕೊಂಡು ಅವನ ಮುಂದೆ ಬಂದಳು. "ಕೂಗೋಣ ಅನ್ಸುತ್ತೆ, ಆದ್ರೆ ಇವತ್ತು ನಂಗೆ ರಜೆ. ಮುಂದಿನ ಸಲ ಮೊದಲು ಕಾಲಬುಡ ನೋಡ್ಕೊಳ್ಳಿ" ಎಂದಳು. ಆಮೇಲೆ ಮಾಸ್ತರ ಕಡೆ ತಿರುಗಿ ಕೈ ಚಾಚಿದಳು. ಕೈ ಕುಲುಕುವಾಗ ಆ ಸೋತ ಬೆರಳನ್ನು ಜೋಪಾನವಾಗಿ ಹಿಡಿದಳು.

ಅವನು ಮಾವನನ್ನು ಮನೆಯವರೆಗೂ ಬಿಡಲು ಬಂದ. ಮನೆ ಮುಂದೆ ಗಾಡಿಯ ಪೆಟ್ಟಿಗೆ ಇಳಿಸಿ, "ನಾನು ಹೊರಡ್ತೀನಿ ಮಾವ" ಎಂದು ಹಿಂದೆ ಸರಿದ.

"ಎಲ್ಲಿಗೆ ಹೊರಡ್ತೀಯ? ಬಾರಪ್ಪ ಒಳಗೆ" ಎಂದರು ಮಾಸ್ತರು. ಎಂಟು ತಿಂಗಳು 'ನೀವು' ಎಂದೇ ಕರೆಸಿಕೊಂಡವನು ಇಳಿಸಿದ ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡ.

ಹೆಂಡತಿ ಬಾಗಿಲಿಗೆ ಬಂದರು. ಕೈಯಲ್ಲಿ ಧೂಳೊರೆಸುವ ಬಟ್ಟೆಯಿತ್ತು, ಅದೂ ಭಾನುವಾರ. "ಏನ್ರೀ, ತಂದ್ರಾ?"

"ಕಪ್ ಬರ್ಲಿಲ್ಲ ಕಣೇ" ಎಂದರು ಮಾಸ್ತರು. "ಅಳಿಯ ಬಂದಿದಾನೆ. ತಟ್ಟೆ ಹಾಕು."